ಮೂಗಿಗೆ ಕುಂಕುಮ

ಜುಲೈ 23, 2007. ಸೋಮವಾರ, ಬೆಳಿಗ್ಗೆ

ಕಾಫಿಪುಡಿ — ಇಲ್ಲ.
ಲವಂಗ — ಇಲ್ಲ.
ನಿಂಬೆಸಿಪ್ಪೆ — ಇಲ್ಲ.
ಕರ್ಪೂರ — ಮೂಗಿನೊಳಗೆ ತಣ್ಣಗೆ ಚುಚ್ಚಿತು. ಅದು ವಾಸನೆ ಅಲ್ಲವಂತೆ, ಬರೀ ಚುಚ್ಚು. ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಇದೂ ಇಲ್ಲ.

ದಿನಾ ಬೆಳಿಗ್ಗೆ ಹೀಗೆ ಮೂಸಿ ಬರೆದಿಡಬೇಕು. ರಾಜಾಜಿನಗರದ ಮೂಗಿನ ಡಾಕ್ಟರ ಅಪ್ಪಣೆ. ಮೇ ತಿಂಗಳಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬರೆಯುತ್ತಾ ಹೋದರೆ ಯಾವತ್ತು ಏನು ವಾಪಸ್ ಬಂತು ಎಂದು ತಿಳಿಯುತ್ತದಂತೆ. ಇಲ್ಲಿಯವರೆಗೆ ಬಂದದ್ದು ಏನೂ ಇಲ್ಲ. ಪುಟ ಖಾಲಿ ಬಿಡಲು ಮನಸ್ಸಾಗದೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ಬೇರೆಯವರ ಮೂಗು ಹೋದರೆ ಸಾರಿನ ರುಚಿ ಹೋಗುತ್ತದೆ. ನನ್ನದು ಹೋದರೆ ಅನ್ನವೇ ಹೋಗುತ್ತದೆ. ಕಾಮಾಕ್ಷಿಪಾಳ್ಯದ ಊದುಬತ್ತಿ ಯೂನಿಟ್‌ನಲ್ಲಿ ಸೆಂಟಿನ ಲೆಕ್ಕ ಹಾಕುವವನು ನಾನು. ಯಾವ ಎಣ್ಣೆಗೆ ಯಾವುದು ಎಷ್ಟು ಸೇರಬೇಕು ಎಂದು ಹೇಳುವುದು, ಕಲಸಿದ ಮೇಲೆ ಮೂಸಿ ‘ಪಾಸ್’ ಎನ್ನುವುದು. ಮದುವೆಗೆ ಮುಂಚಿನಿಂದಲೂ ಇದೇ ಕೆಲಸ. ಮೂಗು ಸತ್ತಿದೆ ಎಂದು ಶೋಭಾಗೆ ಗೊತ್ತು, ಡಾಕ್ಟರಿಗೆ ಗೊತ್ತು. ಯಜಮಾನರಿಗೆ ಹೇಳಿಲ್ಲ. ಹೇಳಿದ ಮರುದಿನ ನಾನು ಯಾಕೆ ಬೇಕು ಅವರಿಗೆ?

ಶೋಭಾ ಕೂಗುತ್ತಿದ್ದಾಳೆ, ತಿಂಡಿ ಆರಿಹೋಗುತ್ತಿದೆ ಎಂದು. ಉಪ್ಪಿಟ್ಟು. ನೋಡಿದ ಮೇಲೆ ಗೊತ್ತಾಯಿತು.

ಜುಲೈ 24, ಮಂಗಳವಾರ. ಸಂಜೆ

ನಾಲ್ಕಕ್ಕೆ ನಾಲ್ಕೂ ಇಲ್ಲ.

ಯೂನಿಟ್‌ನಲ್ಲಿ ಗಂಧದ ಬ್ಯಾಚು. ಅಳತೆಯೆಲ್ಲ ನನಗೆ ಬಾಯಿಪಾಠ, ಕಲಸುವುದು ಫಕೀರೇಶ. ಗದಗ ಕಡೆಯವನು, ಹೆಂಡತಿ ಮಗು ಸುಂಕದಕಟ್ಟೆಯಲ್ಲಿ. ಡ್ರಮ್ಮಿನೊಳಗೆ ಕೋಲು ತಿರುಗಿಸುತ್ತಾ ಏನಾದರೂ ಹಾಡಿಕೊಳ್ಳುತ್ತಿರುತ್ತಾನೆ. ಕಲಸಿದ್ದರಲ್ಲಿ ನಾಲ್ಕು ಕಚ್ಚಾ ಕಡ್ಡಿ ಅದ್ದಿ, ಒಣಗಿಸಿ, ಪಕ್ಕದ ಪುಟ್ಟ ಕೋಣೆಯಲ್ಲಿ ಹಚ್ಚುತ್ತೇವೆ. ಎಣ್ಣೆಯಲ್ಲಿ ಒಂದು ಪರಿಮಳ, ಉರಿದಾಗ ಇನ್ನೊಂದು. ಉರಿದಾಗ ಬರುವುದೇ ನಿಜ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತಿದ್ದು ಆಚೆ ಬರಬೇಕು. ಹುಬ್ಬು ಮೇಲೇರಿದ್ದರೆ ಪಾಸ್. ಹುಬ್ಬು ಗಂಟಿಕ್ಕಿದರೆ ಮತ್ತೆ ಕಲಸಬೇಕು.

ಈಗ ಹುಬ್ಬು ಮಾತ್ರ ಕೆಲಸ ಮಾಡುತ್ತಿದೆ. ಒಳಗೆ ಕೂತು ಹೊಗೆ ನೋಡಿಕೊಂಡು ಆಚೆ ಬಂದು ಹುಬ್ಬು ಏರಿಸುತ್ತೇನೆ. ಹಳೆಯ ಅಳತೆ, ಹಳೆಯ ಪಾರ್ಟಿಗಳ ಮಾಲು, ತಪ್ಪಾಗಲಾರದು ಎಂಬ ಧೈರ್ಯ. ಆಮೇಲೆ ಮೂಲೆಯ ಹಳೆ ಮಿಷಿನ್ ಮೇಲೆ ಕೂತು ಟೀ. ಗಂಧದ ಚಕ್ಕೆ ಪುಡಿ ಮಾಡುವ ಮಿಷಿನ್ ಅದು, ಯಜಮಾನರ ತಂದೆ ತಂದದ್ದು. ಓಡುವುದು ನಿಂತು ಎಷ್ಟೋ ವರ್ಷವಾಯಿತು. ಗುಜರಿಯವನು ಬಂದರೆ ಯಜಮಾನರು ಗದರಿ ಕಳಿಸುತ್ತಾರೆ.

ಪ್ರತಿ ಬ್ಯಾಚಿನ ಒಂದು ಕಡ್ಡಿ ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ಶೋಭಾ ಹಚ್ಚಿದಳು.

“ಹೆಂಗಿದೆ?”

“ಚೆನ್ನಾಗಿದೆ ಬಿಡ್ರಿ.”

ಮದುವೆಯಾದಾಗಿನಿಂದ ಇದೇ ಉತ್ತರ. ನಾನು ತಂದ ಒಂದು ಊದುಬತ್ತಿಯೂ ಅವಳಿಗೆ ಚೆನ್ನಾಗಿಲ್ಲದೆ ಹೋಗಿಲ್ಲ.

ಜುಲೈ 29, ಭಾನುವಾರ

ಕೆಂಗೇರಿಗೆ ಹೋಗಿದ್ದೆವು, ಶೋಭಾಳ ಅಕ್ಕ ಶಿವಗಂಗಮ್ಮನವರ ಮನೆಗೆ. ಮೈಸೂರು ರಸ್ತೆಯಲ್ಲಿ ವೃಷಭಾವತಿ ಮೋರಿ ಪಕ್ಕದಲ್ಲೇ ಬಸ್ಸು ಜಾಮ್‌ನಲ್ಲಿ ನಿಂತಿತು. ಇಡೀ ಬಸ್ಸಿನ ಕರ್ಚೀಫುಗಳು ಮೂಗಿಗೇರಿದವು. ಕಂಡಕ್ಟರ್ ಟಿಕೆಟ್ ಬುಕ್ಕಿನಿಂದ ಮೂಗು ಮುಚ್ಚಿಕೊಂಡ. ನಾನೊಬ್ಬ ಮಹಾರಾಜನ ಹಾಗೆ ಕಿಟಕಿ ತೆಗೆದು ಕೂತಿದ್ದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, “ಅಂಕಲ್, ಕಿಟಕಿ ಹಾಕ್ಕೊಳಿ, ಪುಣ್ಯ ಬರುತ್ತೆ,” ಎಂದರು.

ಹಾಕಿದೆ. ಶೋಭಾ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದವಳು ನನ್ನ ಮುಖ ನೋಡಿ ಸೆರಗು ಕೆಳಗಿಳಿಸಿದಳು. ಜಾಮ್ ಬಿಡುವವರೆಗೂ ಹಾಗೇ ಕೂತಿದ್ದಳು.

“ಮುಚ್ಕೋ ಕಣೇ, ನಿಂಗ್ಯಾಕೆ ಶಿಕ್ಷೆ,” ಎಂದೆ.

“ಇರ್ಲಿ ಬಿಡಿ.”

ಆ ನಾತಕ್ಕಾಗಿ ಹೊಟ್ಟೆ ಉರಿಯಿತು ನನಗೆ. ಮಲ್ಲಿಗೆ ಸಿಗದಿದ್ದರೂ ಪರವಾಗಿಲ್ಲ, ಅದೊಂದು ಸಿಕ್ಕಿದ್ದರೂ ಸಾಕಿತ್ತು.

ಆಗಸ್ಟ್ 3, ಶುಕ್ರವಾರ

ಡಾಕ್ಟರ ಹತ್ತಿರ. ಮೂಗಿನೊಳಗೆ ಲೈಟು ಬಿಟ್ಟು ನೋಡಿದರು. “ಬರಬಹುದು. ಬರದೇನೂ ಇರಬಹುದು. ಬಂದ್ರೂ ಮೊದ್ಲಿನ ಹಾಗೇ ಇರುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ.” ಇದನ್ನು ನಮ್ಮ ಬೀದಿಯ ಗಿಳಿಶಾಸ್ತ್ರದವನೂ ಹೇಳುತ್ತಿದ್ದ.

ಇನ್ನೊಂದು ಮಾತು. ಕೆಲವರಿಗೆ ಮೊದಲು ಬರುವುದು ಒಳ್ಳೆಯದಲ್ಲವಂತೆ, ಸೀದದ್ದು, ಹಳಸಿದ್ದು ಅಂಥವು. ಶೋಭಾ ಆಚೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, “ಏನೋ ಒಂದು ಬರ್ಲಿ, ಆಮೇಲೆ ಚೌಕಾಸಿ ಮಾಡೋಣ,” ಎಂದಳು.

ನವರಂಗ್ ಟಾಕೀಸ್ ಹತ್ತಿರ ಮಸಾಲೆದೋಸೆ ತಿಂದೆವು. ಅವಳು ತಿಂದಳು, ನಾನು ಅಗಿದೆ.

ಆಗಸ್ಟ್ 15, ಬುಧವಾರ. ರಜಾ

ಹೊಸ ಪದ್ಧತಿ, ಶೋಭಾಳದು. ಎದುರಿಗೆ ಇಟ್ಟುಕೊಂಡು ಮೂಸಿದರೆ ಕಣ್ಣು ಮೋಸ ಮಾಡುತ್ತದೆಯಂತೆ. ಬೆಳಿಗ್ಗೆ ಹಾಲು ಸಣ್ಣ ಉರಿಯಲ್ಲಿಟ್ಟು ಬಂದು ಎದುರು ಕೂತಳು. ನಾನು ಕಣ್ಣು ಮುಚ್ಚಬೇಕು. ಅವಳು ಸಾಂಬಾರ ಡಬ್ಬದಿಂದ ಯಾವುದೋ ಒಂದನ್ನು ಮುಷ್ಟಿಯಲ್ಲಿ ಹಿಡಿದು ಮೂಗಿನ ಹತ್ತಿರ ತರುತ್ತಾಳೆ. ಹೇಳಬೇಕು. ಅವಳು ಸರಿಯೋ ತಪ್ಪೋ ಹೇಳುತ್ತಾಳೆ. ಬರೆಯಬೇಕು. ಹಾಲು ಕಾಯುವಷ್ಟರಲ್ಲಿ ಪರೀಕ್ಷೆ ಮುಗಿಯಬೇಕು, ಆಮೇಲೆ ಕಾಫಿ.

ಇವತ್ತು ಸಾಸಿವೆ ಎಂದೆ. ತಪ್ಪು. ಚಕ್ಕೆಯಂತೆ.

ಮುಷ್ಟಿ ಹತ್ತಿರ ಬಂದಾಗ ಬಳೆ ಶಬ್ದ ಕೇಳಿಸುತ್ತದೆ. ಅದು ಚೆನ್ನಾಗಿದೆ.

ಆಗಸ್ಟ್ 24, ಶುಕ್ರವಾರ. ವರಮಹಾಲಕ್ಷ್ಮಿ

ಬೆಳಿಗ್ಗೆಯಿಂದ ಅವಳಿಗೆ ಕೈತುಂಬ ಕೆಲಸ. ಕಳಶ, ಹೋಳಿಗೆ, ಬರುವವರಿಗೆ ತಾಂಬೂಲ. ಇವತ್ತು ಬೇಡ ಎಂದೆ. “ಕೂತ್ಕೊಳಿ, ಒಂದು ನಿಮಿಷ,” ಎಂದು ಒದ್ದೆ ಕೈಯಲ್ಲೇ ಬಂದಳು.

ಕಣ್ಣು ಮುಚ್ಚಿದೆ. ಏನೂ ಇಲ್ಲ... ಏನೂ ಇಲ್ಲ... ಆಮೇಲೆ ಮೂಗಿನ ಬುಡದಲ್ಲಿ ಬಿಸಿಯಾದ ಹಾಗೆ. ಲವಂಗವೇ?

“ಲವಂಗ,” ಎಂದೆ.

ಶೋಭಾಳ ಬಳೆ ಒಮ್ಮೆ ಸದ್ದಾಯಿತು. “ಸರಿ,” ಎಂದಳು.

ಸರಿ. ಎರಡು ಸಲ ಬರೆಯುತ್ತೇನೆ. ಸರಿ. ಎದ್ದು ಹೋಗಿ ದೇವರ ಮುಂದೆ ಅಡ್ಡಬಿದ್ದೆ. ವರ್ಷದಲ್ಲಿ ಒಂದು ದಿನ ನಾನಾಗಿಯೇ ದೇವರ ಕೋಣೆಗೆ ಹೋಗಿದ್ದು ನೋಡಿ ಶೋಭಾ ಕಣ್ಣೊರೆಸಿಕೊಂಡಳು.

ಸೆಪ್ಟೆಂಬರ್ 3, ಸೋಮವಾರ

ಮೆಣಸು — ಸರಿ. ನಿನ್ನೆ ಜೀರಿಗೆ, ಸರಿ. ಮೊನ್ನೆ ಮಾತ್ರ ತಪ್ಪು.

ಮೂಗು ಬರುತ್ತಿದೆ. ಪೂರ್ತಿ ಅಲ್ಲ, ದೂರದ ಮನೆಯಲ್ಲಿ ರೇಡಿಯೋ ಹಾಕಿದ ಹಾಗೆ. ಇದೆ ಎಂದುಕೊಂಡರೆ ಇದೆ, ಕಿವಿಗೊಟ್ಟರೆ ಇಲ್ಲ. ಆದರೂ ಯೂನಿಟ್‌ಗೆ ಹೋಗುವಾಗ ಹೆಜ್ಜೆ ಬೇರೆ ಥರ ಬೀಳುತ್ತಿದೆ.

ಯಜಮಾನರು ದಸರಾ ಆರ್ಡರ್ ಹಿಡಿದುಕೊಂಡು ಬಂದರು. ಅರಸೀಕೆರೆ ಪಾರ್ಟಿಗೆ ಕೇದಗೆ, ದೊಡ್ಡ ಲಾಟು. ಯಜಮಾನ ಶಂಭುಲಿಂಗಪ್ಪನವರಿಗೆ ಸಂತೋಷವಾದರೆ ಜೇಬಿನಲ್ಲಿ ಕೈಯಿಟ್ಟುಕೊಂಡು ಅತ್ತಿತ್ತ ನಡೆಯುತ್ತಾರೆ. “ಜಗನ್ನಾಥ್, ನಿಮ್ಮ ಮೂಗು ರೆಡಿ ಇಟ್ಕೊಳಿ. ಆಯುಧಪೂಜೆ ಹತ್ರ ಬಂತು,” ಎಂದು ಎಲ್ಲರ ಮುಂದೆ ಹೇಳಿ ನಕ್ಕರು.

ಅದೊಂದು ಪದ್ಧತಿ ನಮ್ಮಲ್ಲಿ. ಆಯುಧಪೂಜೆ ದಿನ ತಕ್ಕಡಿ, ಡ್ರಮ್ಮು, ಪ್ಯಾಕಿಂಗ್ ಮಿಷಿನ್, ಟೆಂಪೋ, ಎಲ್ಲಕ್ಕೂ ಕುಂಕುಮ ಇಟ್ಟು ಬಂದು ಕೊನೆಗೆ ಯಜಮಾನರು ನನ್ನ ಮೂಗಿನ ತುದಿಗೆ ಒಂದು ಬೊಟ್ಟು ಇಡುತ್ತಾರೆ. ನಮ್ಮ ದೊಡ್ಡ ಮಿಷಿನ್ ಇದೇ ಎಂದು. ಪ್ಯಾಕಿಂಗ್ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ನಾನು ಆ ಬೊಟ್ಟು ಒರೆಸಿಕೊಳ್ಳದೆ ಮನೆಗೆ ಬರುತ್ತೇನೆ. ಮಾಗಡಿ ರಸ್ತೆಯ ಬಸ್ಸಿನಲ್ಲಿ ಜನ ನೋಡುತ್ತಾರೆ, ನೋಡಲಿ.

ಈ ಸಲ ಆ ಬೊಟ್ಟಿಗೆ ಹೆದರಿಕೊಂಡಿದ್ದೆ. ಈಗ ಪರವಾಗಿಲ್ಲ.

ಸೆಪ್ಟೆಂಬರ್ 12, ಬುಧವಾರ

ಕೇದಗೆ ಪಾಸ್ ಮಾಡಿದೆ. ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಕಣ್ಣು ಮುಚ್ಚಿ, ಶೋಭಾ ಎದುರಿಗಿದ್ದಾಳೆ ಎಂದುಕೊಂಡು. ಕೇದಗೆ ಇತ್ತು. ಇತ್ತು ಎನ್ನಿಸಿತು.

ಮನೆಗೆ ಕಡ್ಡಿ ತರಲಿಲ್ಲ. ಅಗತ್ಯ ಕಾಣಲಿಲ್ಲ. ಹುಬ್ಬು ತಾನಾಗಿಯೇ ಏರಿತು.

ಅಕ್ಟೋಬರ್ 9, ಮಂಗಳವಾರ

ತಿಂಗಳಾಗುತ್ತಾ ಬಂತು ಇದನ್ನು ಮುಟ್ಟಿ. ಮೂಗು ಸರಿಹೋದವನಿಗೆ ಬರೆಯುವ ಚಟ ಯಾಕೆ ಎಂದು ಬಿಟ್ಟಿದ್ದೆ. ಮುಷ್ಟಿ ಮಾತ್ರ ಬಿಟ್ಟಿಲ್ಲ. ಇವತ್ತೂ ಬೆಳಿಗ್ಗೆ ಏಲಕ್ಕಿ ಎಂದೆ, ಸರಿ ಎಂದಳು.

ಮಧ್ಯಾಹ್ನ ಅರಸೀಕೆರೆಯಿಂದ ಮಾಲು ವಾಪಸ್ ಬಂತು. ಸೀಮೆಎಣ್ಣೆ ವಾಸನೆ ಎಂದು ಅಂಗಡಿಯವರೆಲ್ಲ ತಿರುಗಿಸಿದ್ದಾರಂತೆ. ಯಜಮಾನರು ಒಂದು ಪ್ಯಾಕೆಟ್ ಒಡೆದು ಅಲ್ಲೇ ಹಚ್ಚಿದರು. ಪ್ಯಾಕಿಂಗ್ ಮಾಡುವ ಮುನಿತಾಯಮ್ಮ ಮೂಗಿಗೆ ಸೆರಗು ಹಿಡಿದುಕೊಂಡಳು. ನಾನು ಹತ್ತಿರ ಹೋಗಿ ಉಸಿರೆಳೆದೆ. ನನಗೆ ಕೇದಗೆಯೇ ಬಂತು.

“ಇಲ್ಲಿಂದ ಹೋಗೋವಾಗ ಸರಿಯಾಗಿತ್ತು ಸಾರ್. ನಾನೇ ನೋಡಿದೀನಿ,” ಎಂದೆ.

ಹಾಗಾದರೆ ಡ್ರಮ್ಮು, ಎಂದರು ಯಜಮಾನರು. ಸೆಂಟು ಕಲಸಿದ್ದು ಒಂದು ಡ್ರಮ್ಮಿನಲ್ಲಿ, ಲಾಟು ಅದ್ದಿದ್ದು ಇನ್ನೊಂದರಲ್ಲಿ. ಅದರಲ್ಲಿ ಮೊದಲು ಸೀಮೆಎಣ್ಣೆ ಇತ್ತು. ತೊಳೆದು ಕೊಡಬೇಕಾದವನು ಫಕೀರೇಶ.

“ತೊಳದೇನ್ರಿ ಯಜಮಾನ್ರ. ಸೋಪಿನ ಪುಡಿ ಹಾಕಿ ತೊಳದೇನಿ. ಖರೇ ಹೇಳ್ತೀನ್ರಿ.”

“ಮತ್ತೆ ಆಕಾಶದಿಂದ ಬಂತಾ ವಾಸ್ನೆ?”

ಅವನು ನನ್ನ ಕಡೆ ತಿರುಗಿದ. “ಸರ, ನೀವು ಮೂಸಿ ನೋಡೀರಲ್ರಿ. ನೀವಾದ್ರೂ ಹೇಳ್ರಿ.”

“ನಾನ್ ನೋಡಿದಾಗ ಸರಿ ಇತ್ತಪ್ಪಾ,” ಎಂದೆ.

ಹಬ್ಬ ಮುಗಿಸಿಕೊಂಡು ಹೊರಡು, ವಾಪಸ್ ಬರುವುದು ಬೇಡ ಎಂದುಬಿಟ್ಟರು ಯಜಮಾನರು. ಫಕೀರೇಶ ಕೋಲು ತೊಳೆದಿಟ್ಟ. ಪಾಪ ಎನ್ನಿಸಿತು. ಆದರೆ ತೊಳೆದಿದ್ದರೆ ಹೀಗೆ ಯಾಕಾಗುತ್ತಿತ್ತು? ನನ್ನ ಮೂಗಂತೂ ಸರಿಯಾಗಿದೆ.

ಅಕ್ಟೋಬರ್ 11, ಗುರುವಾರ. ಬೆಳಿಗ್ಗೆ

ಹೊರಡುತ್ತಿದ್ದೆ. ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು. ಶೋಭಾ ಒಳಗಿಂದ, “ಬರ್ತಾ ಏಲಕ್ಕಿ ತನ್ನಿ. ನಾಳೆ ನವರಾತ್ರಿ ಶುರು, ಪಾಯಸ ಮಾಡ್ಬೇಕು. ಗಣೇಶನ ಹಬ್ಬಕ್ಕೇ ಮುಗಿದೋಯ್ತು, ತರ್ಸಕ್ಕೆ ನೆನಪೇ ಆಗಲ್ಲ,” ಎಂದಳು.

ಇನ್ನೊಂದು ಕಾಲಿಗೆ ಚಪ್ಪಲಿ ಹಾಕದೆ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ.

ಗಣೇಶನ ಹಬ್ಬಕ್ಕೇ ಮುಗಿದಿದೆ.

ಮೊನ್ನೆ ನಾನು ಹೇಳಿದ್ದು ಏಲಕ್ಕಿ.

ಅದೇ ದಿನ. ಸಂಜೆ

ಏಲಕ್ಕಿ ಪೊಟ್ಟಣ ಅಡುಗೆಮನೆ ಕಟ್ಟೆಯ ಮೇಲಿಟ್ಟೆ.

“ಮೊನ್ನೆ ನಿನ್ನ ಕೈಲಿ ಏನಿತ್ತು?”

ಅವಳು ಪೊಟ್ಟಣ ನೋಡಿದಳು, ನನ್ನ ನೋಡಿದಳು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

“ಮೆಂತ್ಯ.”

“ಜೀರಿಗೆ ಅಂದಿದ್ದೆನಲ್ಲ ಒಂದಿನ?”

“ಅದೂ ಅಲ್ಲ.”

“ಲವಂಗ? ವರಮಹಾಲಕ್ಷ್ಮಿ ದಿನ?”

“ಅವತ್ತು ಏನೂ ಇರ್ಲಿಲ್ಲ ರೀ. ಡಬ್ಬ ತೆಗೆಯೋಕೂ ಪುರ್ಸೊತ್ತಿರ್ಲಿಲ್ಲ. ಬರೀ ಮುಷ್ಟಿ.”

“ಮತ್ತೆ ಸರಿ ಅಂದ್ಯಲ್ಲ?”

“ಕಣ್ಣು ಮುಚ್ಕೊಂಡು ಅಷ್ಟು ಆಸೆಯಿಂದ ಹೇಳಿದ್ರಿ. ತಪ್ಪು ಅಂತ ಬಾಯಿ ಬರ್ಲಿಲ್ಲ. ಆಮೇಲೆ ದಿನಾ ಖುಷಿಯಾಗಿ ಹೋಗ್ತಿದ್ರಿ... ಒಂದೊಂದು ದಿನ ತಪ್ಪು ಅಂತಿದ್ದೆ, ಅನುಮಾನ ಬರಬಾರ್ದು ಅಂತ.”

ನಾನು ಕೂಗಾಡಿದೆ. ಏನೇನು ಅಂದೆ ಎಂದು ಬರೆಯುವುದಿಲ್ಲ. ಕೆಳಗಿನ ಮನೆಯವರು ಟೀವಿ ಸದ್ದು ಕಮ್ಮಿ ಮಾಡಿದ್ದು ಗೊತ್ತಾಯಿತು.

ಮೂಗು ಬಂದೇ ಇರಲಿಲ್ಲ. ಕೇದಗೆಯೂ ನನ್ನ ತಲೆಯೊಳಗಿನದು.

ಅಕ್ಟೋಬರ್ 12, ಶುಕ್ರವಾರ

ಮುಷ್ಟಿ ಇಲ್ಲ. ಮಾತೂ ಇಲ್ಲ. ಪಾಯಸ ಬಡಿಸಿದಳು, ತಿಂದೆ. ಏಲಕ್ಕಿ ಹಾಕಿದ್ದಳೋ ಇಲ್ಲವೋ, ನನಗೇನು ಗೊತ್ತು.

ಅಕ್ಟೋಬರ್ 14, ಭಾನುವಾರ

ಇವತ್ತು ಅವಳೇ ಬಂದು ಎದುರು ಕೂತಳು. ಕೈಯಲ್ಲಿ ಏನೂ ಇರಲಿಲ್ಲ, ತೋರಿಸಿದಳು.

“ಸುಳ್ಳು ಹೇಳಿದ್ದು ತಪ್ಪು. ಇನ್ಮೇಲೆ ಹೇಳಲ್ಲ. ತಪ್ಪಾದ್ರೆ ತಪ್ಪು ಅಂತ್ಲೇ ಅಂತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು.”

“ಬರೀ ಮುಷ್ಟಿ ವಿಷಯಕ್ಕಾ, ಎಲ್ಲದಕ್ಕೂನಾ?”

“ಎಲ್ಲದಕ್ಕೂ.”

“ಹಂಗಾದ್ರೆ ಹೇಳು. ನಮ್ಮ ಗಂಧದ ಬತ್ತಿ ಹೆಂಗಿದೆ?”

ನನ್ನ ಕೈಗುಣವೆಂದು ಹತ್ತು ಜಿಲ್ಲೆಯಲ್ಲಿ ಹೆಸರಾದ ಬತ್ತಿ ಅದು. ಶೋಭಾ ಸ್ವಲ್ಪ ಯೋಚಿಸಿ, “ಮದ್ವೆ ಛತ್ರದ ಬಾತ್‌ರೂಮ್ ಥರ,” ಎಂದಳು. “ಕೆಟ್ಟದಲ್ಲ. ಒಳ್ಳೆ ಛತ್ರ.”

“ಮಲ್ಲಿಗೆ?”

“ತಲೆನೋವು ಬರುತ್ತೆ. ನೀವು ಆಚೆ ಹೋದ ತಕ್ಷಣ ಆರಿಸ್ತೀನಿ.”

ಒಂದಾದರೂ ಇಷ್ಟವಾಗಿದೆಯೇ ಎಂದು ಕೇಳಿದೆ. ಮುಖ ಊದಿಸಿಕೊಳ್ಳಬಾರದೆಂದು ಒಪ್ಪಿಕೊಂಡಾಗಿತ್ತು, ಗಲ್ಲ ಬಿಗಿ ಹಿಡಿದಿದ್ದೆ.

“ಊದ್ಬತ್ತಿ ಯಾವ್ದೂ ಅಲ್ಲ. ನಿಮ್ಮ ಶರಟು. ಸಂಜೆ ನೀವು ಮೆಟ್ಲು ಹತ್ತೋವಾಗ್ಲೇ ಬರುತ್ತೆ, ಎಲ್ಲಾ ಸೇರ್ಕೊಂಡು ಒಂಥರಾ. ಬಾಗಿಲು ಬಡಿಯೋದ್ರೊಳಗೇ ನಾನು ಕಾಫಿಗೆ ಇಟ್ಟಿರ್ತೀನಿ, ನೋಡಿಲ್ವಾ? ಭಾನುವಾರ ಬಂದ್ರೆ ಅದಿರಲ್ಲ. ನಂಗೆ ಭಾನುವಾರ ಅಷ್ಟು ಇಷ್ಟ ಇಲ್ಲ.”

ಇಷ್ಟು ವರ್ಷ ಕಾಫಿ ಹೇಗೆ ಸರಿಯಾಗಿ ಬಾಗಿಲಿಗೇ ಸಿಗುತ್ತಿತ್ತು ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಇವಳ ಮೇಲೆ ಕೂಗಾಡಿದೆನಲ್ಲ. ಪ್ರೀತಿಗೆ ಸುಳ್ಳು ಹೇಳಿದವಳು ಇವಳು. ನಾನು ಯಾವುದಕ್ಕೆ ಹೇಳುತ್ತಿದ್ದೆ ಯಜಮಾನರಿಗೆ, ಮೇ ತಿಂಗಳಿನಿಂದ?

ಆಮೇಲೆ ಫಕೀರೇಶನ ವಿಷಯ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ.

“ಡ್ರಮ್ಮು ತೊಳೆದಿದ್ನಾ ಅವ್ನು?”

“ಗೊತ್ತಿಲ್ಲ. ತೊಳೆದಿರಬಹುದು, ಎಣ್ಣೆಯೇ ಕೆಟ್ಟು ಬಂದಿರಬಹುದು. ಈಗ ಅದನ್ನ ಯಾರೂ ಹೇಳಕ್ಕಾಗಲ್ಲ.”

“ನಿಮ್ಮ ಮೂಗು ಇದ್ದಿದ್ರೆ?”

“ಹೇಳ್ತಿದ್ದೆ. ಎಣ್ಣೆ ಕೆಟ್ಟಿದ್ರೆ ಕೋಣೆಗೆ ಕಾಲಿಟ್ಟ ತಕ್ಷಣ, ಡ್ರಮ್ಮು ಕೆಟ್ಟಿದ್ರೆ ಲಾಟು ಅದ್ದೋವಾಗ್ಲೇ ಗೊತ್ತಾಗ್ತಿತ್ತು. ಲಾಟು ಹೋಗ್ತಾನೇ ಇರ್ಲಿಲ್ಲ.”

ಗೊತ್ತಿರುವುದು ಇಷ್ಟೇ. ಡ್ರಮ್ಮಿನ ನಿಜ ಡ್ರಮ್ಮಿಗೇ ಗೊತ್ತು, ನನ್ನ ನಿಜ ನನಗೆ ಗೊತ್ತು. ಅದನ್ನು ಹೇಳಬೇಕು. ಶನಿವಾರ ಆಯುಧಪೂಜೆ. ಅಷ್ಟರೊಳಗೆ.

ಅಕ್ಟೋಬರ್ 16, ಮಂಗಳವಾರ

ಯಜಮಾನರ ಚೇಂಬರಿಗೆ ಹೋದೆ. “ಸಾರ್, ಒಂದು ವಿಷಯ...” ಎಂದೆ. “ಬನ್ನಿ, ಬನ್ನಿ. ನಾನೇ ಕರೆಸೋಣ ಅಂತಿದ್ದೆ,” ಎಂದು ದೀಪಾವಳಿ ಪ್ಯಾಕೆಟ್ಟಿನ ಡಿಸೈನ್ ತೋರಿಸಿದರು. ಲಕ್ಷ್ಮಿಗೆ ಹಸಿರು ಸೀರೆಯೋ ಕೆಂಪೋ ಎಂದು ಕೇಳಿದರು. ಕೆಂಪು ಎಂದು ಹೇಳಿ ಬಂದೆ.

ಸಂಜೆ ಶೋಭಾ ಕೇಳಿದಳು, “ಹೇಳಿದ್ರಾ?”

“ಕೆಂಪು ಅಂದೆ.”

ಅವಳು ನಗಲಿಲ್ಲ.

ಅಕ್ಟೋಬರ್ 18, ಗುರುವಾರ. ಸಂಜೆ

ಹೇಳಿದೆ.

ಕೂರದೆ ಹೇಳಿದೆ, ಕೂತರೆ ಮಾತು ಬೇರೆ ಕಡೆ ಹೋಗುತ್ತದೆ. ಮೇ ತಿಂಗಳಿನಿಂದ ಮೂಗಿಲ್ಲ. ಕೇದಗೆ ಪಾಸ್ ಮಾಡಿದ್ದು ಮೂಗಿಲ್ಲದೆ. ಫಕೀರೇಶ ತೊಳೆದಿದ್ದನೋ ಇಲ್ಲವೋ ಗೊತ್ತಿಲ್ಲ, ಆದರೆ ತಡೆಯಬೇಕಾಗಿದ್ದವನು ನಾನು.

ಶಂಭುಲಿಂಗಪ್ಪನವರು ಮೊದಲು ತಮಾಷೆ ಎಂದುಕೊಂಡರು. ಡ್ರಾಯರಿನಿಂದ ಅಮೃತಾಂಜನ ತೆಗೆದು ಮುಚ್ಚಳ ಬಿಚ್ಚಿ ನನ್ನ ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಬಂತು. “ಇದು ವಾಸ್ನೆ ಅಲ್ಲ ಸಾರ್, ಚುಚ್ಚೋದು,” ಎಂದೆ. ನನ್ನ ಮುಖ ನೋಡಿದರು. ಡಬ್ಬಿಯ ಮುಚ್ಚಳ ತಿರುಗಿಸಿದರು, ಬಹಳ ಹೊತ್ತು ತಿರುಗಿಸಿದರು.

“ಐದು ತಿಂಗಳು. ದಿನಾ ನನ್ನೆದುರಿಗೆ ಹುಬ್ಬು ಏರಿಸ್ಕೊಂಡು ಬರ್ತಿದ್ರಲ್ರೀ.”

“ಹೌದು ಸಾರ್.”

“ನಮ್ಮಪ್ಪ ಸಾಯೋವಾಗ ಹೇಳಿದ್ರು, ಜಗನ್ನಾಥನ್ನ ಬಿಡಬೇಡ ಅಂತ. ನೀವು ನಂಗೊಂದು ಮಾತು ಹೇಳಬಾರ್ದಿತ್ತಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಹೆದರಿಕೆ ಆಯ್ತು ಸಾರ್,” ಎಂದೆ. ಅದೂ ನಿಜವೇ. ಇನ್ನು ಹೋಗಿ ಎಂದರು. ಇವತ್ತಿಗೆ ಹೋಗಿ ಎಂದೋ, ಪೂರ್ತಿ ಹೋಗಿ ಎಂದೋ ತಿಳಿಯಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅಕ್ಟೋಬರ್ 19, ಶುಕ್ರವಾರ

ಹೋದೆ. ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. ಫಕೀರೇಶನನ್ನು ಒಳಗೆ ಕರೆದು ಏನೋ ಹೇಳಿದರು. ಅವನು ಆಚೆ ಬಂದ ಮೇಲೆ ಡ್ರಮ್ಮು ತೊಳೆಯತೊಡಗಿದ. ಎಲ್ಲರಿಗೂ ಕೇಳುವ ಹಾಗೆ, ಬೇಕಾದದ್ದಕ್ಕಿಂತ ಜೋರಾಗಿ ತಿಕ್ಕಿ ತೊಳೆದ.

ನಾಳೆ ರಜೆ ಹಾಕುತ್ತೇನೆ ಎಂದೆ ಶೋಭಾಗೆ. ಮೂಗಿಗೆ ಕುಂಕುಮ ಇಡುವ ಹೊತ್ತಿಗೆ ಎಲ್ಲರೂ ನನ್ನನ್ನೇ ನೋಡುತ್ತಾರೆ. ಇಟ್ಟರೂ ಕಷ್ಟ, ಇಡದಿದ್ದರೂ ಕಷ್ಟ.

“ನಾನೂ ಬರ್ತೀನಿ,” ಎಂದಳು. ಅಷ್ಟೇ.

ಅಕ್ಟೋಬರ್ 20, ಶನಿವಾರ. ಆಯುಧಪೂಜೆ

ಶೋಭಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಯೂನಿಟ್ ಬಾಗಿಲಿಗೆ ಬಾಳೆಕಂದು. ಟೆಂಪೋ ಚಕ್ರದ ಕೆಳಗೆ ನಿಂಬೆಹಣ್ಣು. ಫಕೀರೇಶನ ಹೆಂಡತಿ ಪಾರವ್ವ ಮಗು ಎತ್ತಿಕೊಂಡು ಬಂದಿದ್ದಳು. ನಾನು ಹಿಂದೆ, ಗೋಡೆಗೆ ಒರಗಿ ನಿಂತೆ.

ಯಜಮಾನರು ತಟ್ಟೆ ಹಿಡಿದು ಹೊರಟರು. ತಕ್ಕಡಿಗೆ ಕುಂಕುಮ. ಡ್ರಮ್ಮುಗಳಿಗೆ ಕುಂಕುಮ. ಪ್ಯಾಕಿಂಗ್ ಮಿಷಿನ್, ಟೆಂಪೋ. ಆಮೇಲೆ ಪ್ರತಿ ವರ್ಷದ ಹಾಗೆ ಮೂಲೆಯ ಹಳೆ ಮಿಷಿನ್. ಅದಕ್ಕೆ ಹೂವಿನ ಹಾರ ಬೇರೆ. ಇಟ್ಟು, ಕೈಮುಗಿದು, ತಿರುಗಿದರು. ವಿಷಯ ಎಲ್ಲರಿಗೂ ತಿಳಿದಿತ್ತು. ಯಾರೂ ನಗಲಿಲ್ಲ.

ಸೀದಾ ನನ್ನ ಹತ್ತಿರ ಬಂದರು. ಮೂಗಿನ ತುದಿಗೆ ಒಂದು ಬೊಟ್ಟು ಇಟ್ಟರು. ಸ್ವಲ್ಪ ಜೋರಾಗಿಯೇ ಒತ್ತಿದರು, ಸಿಟ್ಟು ಇನ್ನೂ ಇದೆ ಎಂದು ತಿಳಿಯಲಿ ಎನ್ನುವ ಹಾಗೆ. ಆಮೇಲೆ ಶೋಭಾ ಕಡೆ ತಿರುಗಿ, “ಅಮ್ಮಾ, ದೀಪಾವಳಿ ಮಾಲು ಮನೆಗೆ ಕಳಿಸ್ತೀನಿ. ನೀವು ನೋಡಿ ಹೇಳಿ,” ಎಂದರು.

“ನೋಡ್ತೀನಿ ಸಾರ್. ಆದ್ರೆ ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತೀನಿ,” ಎಂದಳು ಶೋಭಾ. “ನಿಮ್ಮ ಗಂಧದ ಬತ್ತಿ ಬಗ್ಗೆ ಇವ್ರಿಗೆ ಆಗ್ಲೇ ಹೇಳಿದೀನಿ.”

ಯಜಮಾನರು ನನ್ನ ನೋಡಿದರು. ನಾನು ಚಾವಣಿ ನೋಡಿದೆ. ಮುನಿತಾಯಮ್ಮ ನಕ್ಕುಬಿಟ್ಟಳು, ಆಮೇಲೆ ಎಲ್ಲರೂ.

ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ಬಸ್ಸಿನಲ್ಲಿ ಬಂದೆವು. ಬೊಟ್ಟು ಒರೆಸಿಕೊಳ್ಳಲಿಲ್ಲ. ಬಸ್ಸಿನವರು ನೋಡಿದರು. ಶೋಭಾ ಅವರನ್ನೆಲ್ಲ ತಿರುಗಿ ನೋಡಿದಳು.

ಅಕ್ಟೋಬರ್ 31, ಬುಧವಾರ

ಮುಷ್ಟಿ: ಧನಿಯಾ ಎಂದೆ. ತಪ್ಪು. ನಿನ್ನೆಯೂ ತಪ್ಪು. ಆಯುಧಪೂಜೆಯಿಂದ ಒಂದೂ ಸರಿಯಿಲ್ಲ. ಶೋಭಾ ಪ್ರತಿ ಸಲ ತಪ್ಪು ಎನ್ನುವಾಗ ನನ್ನ ಮಂಡಿಯ ಮೇಲೆ ಕೈಯಿಡುತ್ತಾಳೆ.

ದೀಪಾವಳಿ ಸ್ಯಾಂಪಲ್ ಹಚ್ಚಿದಳು. “ಮೊದ್ಲು ಹೊಸ ಬಟ್ಟೆ ಥರ ಇದೆ, ಆಮೇಲೆ ಒಗೆದ ಬಟ್ಟೆ ಥರ,” ಎಂದಳು. ಎಂದರೆ ಮೇಲಿನ ಸೆಂಟು ಬೇಗ ಹಾರುತ್ತಿದೆ, ತಳದಲ್ಲಿ ಗಂಧ ಸಾಲದು. ಹೆಚ್ಚಿಸಿ ಮತ್ತೆ ತಂದೆ. “ಈಗ ಹೊಸದೇ ಇದೆ. ಇಸ್ತ್ರಿ ಮಾಡಿದ್ದು.” ಪಾಸ್. ಅವಳು ಹೇಳಿದ್ದು ನಿಜ, ನಾನು ಅರ್ಥ ಮಾಡಿಕೊಂಡದ್ದು ಸರಿಯೋ ಇಲ್ಲವೋ ಅರಸೀಕೆರೆಯವರು ಹೇಳಬೇಕು. ಯಜಮಾನರು ದೀಪಾವಳಿ ಆದ ಮೇಲೆ ನೋಡೋಣ ಎಂದಿದ್ದಾರೆ. ಏನು ನೋಡುವುದು ಎಂದು ಹೇಳಿಲ್ಲ.

ಫಕೀರೇಶ ಕೆಲಸದಲ್ಲಿದ್ದಾನೆ. ನನ್ನ ಜೊತೆ ಬೇಕಾದಷ್ಟೇ ಮಾತು. ಹಾಡು ನಿಲ್ಲಿಸಿದ್ದಾನೆ. ಅದು ನನ್ನಿಂದ.

ನವೆಂಬರ್ 7, ಬುಧವಾರ

ಮಾಲು ಹೋಯಿತು. ಫೋನು ಬರಲಿಲ್ಲ. ನಮ್ಮ ದಂಧೆಯಲ್ಲಿ ಫೋನು ಬರದಿದ್ದರೆ ಚೆನ್ನಾಗಿದೆ ಎಂದರ್ಥ.

ಮಧ್ಯಾಹ್ನ ಡ್ರಮ್ಮಿನ ಹತ್ತಿರ ಅರ್ಧ ಸಾಲು ಹಾಡು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾನೆ ಎಂದು.

ನವೆಂಬರ್ 12, ಸೋಮವಾರ. ಬೆಳಿಗ್ಗೆ

ಹಬ್ಬದ ಎಣ್ಣೆಸ್ನಾನದಲ್ಲಿ ಶೋಭಾಗೆ ಶೀತವಾಗಿದೆ. ಎರಡು ದಿನದಿಂದ ಮೂಗು ಕಟ್ಟಿ ಮಾತೆಲ್ಲ ಗೊಗ್ಗರು. ಈ ಮನೆಯಲ್ಲಿ ಇವತ್ತು ಮೂಗು ಎಂಬುದು ಯಾರಿಗೂ ಇಲ್ಲ. ಮಲಗಿರು ಎಂದರೆ ಕೇಳಲಿಲ್ಲ, ಮುಷ್ಟಿ ಹಿಡಿದು ಬಂದು ಕೂತಳು.

ಕಣ್ಣು ಮುಚ್ಚಿದೆ. ಬಳೆ ಶಬ್ದ. ಉಸಿರೆಳೆದೆ.

ಏನೋ ಇದೆ.

ಆಸೆ ಇರಬೇಕು ಎಂದು ಇನ್ನೊಮ್ಮೆ ಎಳೆದೆ. ಇದೆ. ಒಳ್ಳೆಯದಲ್ಲ. ಸೀದದ್ದು.

“ಏನೋ ಸೀದಿರೋ ಹಂಗಿದೆ ಕಣೇ,” ಎಂದೆ.

ಮುಷ್ಟಿ ಬಿಚ್ಚಿದಳು. ಏಲಕ್ಕಿ. ನಾನೇ ತಂದ ಏಲಕ್ಕಿ.

“ತಪ್ಪು,” ಎಂದಳು. ಮಂಡಿಯ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು, ಶೀತಕ್ಕೋ ಏನೋ. ಕೊಟ್ಟ ಮಾತು ಉಳಿಸಿಕೊಂಡಳು. ಇವಳನ್ನು ಕಟ್ಟಿಕೊಂಡ ನನ್ನದೇ ಪುಣ್ಯ.

ಏಲಕ್ಕಿ — ತಪ್ಪು.

ಕಾಫಿ ತರುತ್ತೇನೆಂದು ಎದ್ದು ಹೋದಳು. ಏಲಕ್ಕಿಯೂ ಅವಳ ಜೊತೆಗೇ ಹೋಯಿತು. ಆದರೆ ಆ ವಾಸನೆ ಹೋಗಿಲ್ಲ. ಇಲ್ಲೇ ಇದೆ. ಬರೆಯುತ್ತಿದ್ದಂತೆ ಜಾಸ್ತಿಯಾಗುತ್ತಿದೆ. ತಲೆಯೊಳಗಿನದ್ದಾದರೆ ಇಷ್ಟು ಕೆಟ್ಟದಾಗಿ ಯಾಕೆ ಇರುತ್ತದೆ, ನಾನು ಆಸೆಪಟ್ಟದ್ದು ಇದನ್ನಲ್ಲ...

ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಶೋಭಾ ಕರೆಯುತ್ತಿದ್ದಾಳೆ.

“ರೀ... ಹಾಲು ಪೂರ್ತಿ ತಳ ಹಿಡಿದ್ಬಿಟ್ಟಿದೆ ರೀ. ನಂಗೆ ಮೂಗು ಕಟ್ಟಿ ಗೊತ್ತೇ ಆಗ್ಲಿಲ್ಲ. ನೀವು ಆಗ್ಲೇ—”

ಮೇಲೆ ತಪ್ಪು ಎಂದು ಬರೆದದ್ದನ್ನು ಹೊಡೆದು ಹಾಕಿದೆ. ಸೀದ ಹಾಲು — ಸರಿ.